ಗಾಡಿ ಎಲ್ಲಿ ಹಚ್ಚಬೇಕು?

ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟವೆಲ್ ನೇಯುವ ಒಂದು ಕಾರ್ಖಾನೆ. ಅದರ ಟೈಮ್ ಆಫೀಸಿನಲ್ಲಿ ನನ್ನ ನೌಕರಿ. ಯಾರು ಎಷ್ಟು ಗಂಟೆಗೆ ಬಂದರು, ಯಾರ ಹಾಜರಿಯ ಮುಂದೆ ‘ತಡ’ ಎಂದು ಬಿತ್ತು, ಯಾರ ಅರ್ಧ ದಿನದ ಪಗಾರ ಕಡಿತವಾಯಿತು, ಎಲ್ಲವೂ ನನ್ನ ಕೈಯಿಂದಲೇ ದಾಟಿ ಹೋಗಬೇಕು. 2025ರ ಬೇಸಿಗೆಯಲ್ಲಿ ತಡವಾಗಿ ಬರುವವರ ಹೆಸರುಗಳು ಒಮ್ಮೆಲೆ ಹೆಚ್ಚಾದವು. ವರ್ಷಗಟ್ಟಲೆ ಒಂದು ನಿಮಿಷ ತಪ್ಪದ, ಮಗ್ಗ ನೋಡಿಕೊಳ್ಳುವ ಜಾಬರರೂ ಅದರಲ್ಲಿದ್ದರು. ಕೇಳಿದರೆ ಎಲ್ಲರದೂ ಒಂದೇ ಉತ್ತರ: “ಗಾಡಿ ಹಚ್ಚಲಾಕ ಜಾಗಾ ಸಿಗಲಿಲ್ರಿ.”

ಗೇಟಿನ ಒಳಗಿದ್ದ ತಗಡಿನ ಸ್ಟ್ಯಾಂಡಿನಲ್ಲಿ ಮಾಲಕರು ನೂಲಿನ ಮೂಟೆ ಇಡಿಸಿದ್ದರು. ಗೋಡೌನು ತುಂಬಿತ್ತು, ಮಳೆ ಬೀಳುವುದರೊಳಗೆ ಮಾಲು ಇಳಿಸಿಕೊಳ್ಳಬೇಕಿತ್ತು. ಅಧಿಕಾರಿಗಳ ಕಾರುಗಳು ಒಳಗೇ ಉಳಿದವು, ಕೆಲಸಗಾರರ ಮೋಟರ್ ಸೈಕಲ್ಲುಗಳು ರಸ್ತೆಗೆ ಬಂದವು. ಒಂದು ತಿಂಗಳ ಮಟ್ಟಿಗೆ ಎಂದಿದ್ದರು. ತಿಂಗಳು ಕಳೆಯಿತು, ಮೂಟೆಗಳು ಕದಲಲಿಲ್ಲ.

ನಾನು ಇರುವುದು ಅಕ್ಕಲಕೋಟೆ ತಾಲೂಕಿನ ಕರಜಗಿಯಲ್ಲಿ, ಕರ್ನಾಟಕದ ಗಡಿಗೆ ಹತ್ತಿರ. ಅಕ್ಕಲಕೋಟೆಯಿಂದ ಸೊಲ್ಲಾಪುರವೇ ಸುಮಾರು 40 ಕಿಲೋಮೀಟರ್, ಅದಕ್ಕೂ ಮೊದಲು ಊರಿನಿಂದ ಅಕ್ಕಲಕೋಟೆ ತಲುಪಬೇಕು. ಏಳರ ಪಾಳಿಗೆ ಹೊಂದುವ ಎಸ್‌ಟಿ ಬಸ್ಸು ನನಗೆ ಸಿಗುವುದಿಲ್ಲ, ರಾತ್ರಿ ಪಾಳಿ ಬಿಟ್ಟ ಮೇಲಂತೂ ಬಸ್ಸಿನ ಮಾತೇ ಇಲ್ಲ. ನಮ್ಮ ಕಡೆಯ ಹುಡುಗರು ನಸುಕಿನಲ್ಲಿ ಎದ್ದು, ರೊಟ್ಟಿ-ಶೇಂಗಾ ಚಟ್ನಿಯ ಗಂಟನ್ನು ಹ್ಯಾಂಡಲಿಗೆ ಕಟ್ಟಿಕೊಂಡು, ಒಂದು ಗಾಡಿಯ ಮೇಲೆ ಇಬ್ಬರು ಕುಳಿತು ಬರುತ್ತಾರೆ. ಪೆಟ್ರೋಲು ಪಾಲು ಹಾಕಿಕೊಳ್ಳುತ್ತಾರೆ. ಇವರಿಗೆ ಗಾಡಿ ಷೋಕಿಯ ವಸ್ತುವಲ್ಲ. ಗಾಡಿ ಇಲ್ಲ ಎಂದರೆ ನೌಕರಿ ಇಲ್ಲ. ಆ ಗಾಡಿಗೆ ಜಾಗ ಇಲ್ಲ ಎಂದರೂ ಹೆಚ್ಚು ಕಡಿಮೆ ಅದೇ ಅರ್ಥ.

ಹಾಗಾದರೆ ಕೆಲಸದ ಜಾಗದಲ್ಲಿ ಗಾಡಿ ನಿಲ್ಲಿಸಲು ಕೆಲಸಗಾರನಿಗೆ ಹಕ್ಕಿದೆಯೇ? ಆ ಬೇಸಿಗೆಯಲ್ಲಿ ಬಹಳ ಜನ ನನ್ನ ಕಿಟಕಿಗೆ ಬಂದು ಕೇಳಿದರು. ನೇರ ಉತ್ತರ ಹೇಳಬೇಕೆಂದರೆ, ಆ ಹೆಸರಿನ ಹಕ್ಕು ನಮ್ಮ ಕಾರ್ಮಿಕ ಕಾನೂನಿನಲ್ಲಿ ಇಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಎಷ್ಟೋ ಸಣ್ಣ ಸಣ್ಣ ಸೌಕರ್ಯಗಳಿಗೂ ಕಲಂ ಇತ್ತು. ಕೈಕಾಲು ತೊಳೆಯಲು ನೀರು, ಒದ್ದೆ ಬಟ್ಟೆ ಒಣಹಾಕಲು ಜಾಗ, ನಿಂತು ದುಡಿಯುವವರಿಗೆ ಕೂಡಲು ಆಸನ. 250ಕ್ಕಿಂತ ಹೆಚ್ಚು ಜನ ಇದ್ದರೆ ಕ್ಯಾಂಟೀನು, 150ಕ್ಕಿಂತ ಹೆಚ್ಚು ಇದ್ದರೆ ಊಟದ ಕೋಣೆ, 30ಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ಇದ್ದರೆ ಕೂಸುಗಳನ್ನು ನೋಡಿಕೊಳ್ಳುವ ಕೋಣೆ. ಸೈಕಲ್ ಸ್ಟ್ಯಾಂಡಿನ ಸುದ್ದಿ ಮಾತ್ರ ಆ ಕಲಂಗಳಲ್ಲಿ ಇರಲಿಲ್ಲ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕ್ಯಾಂಟೀನಿನ ಮಿತಿ 100 ಜನಕ್ಕೆ ಇಳಿಯಿತು. ಗಾಡಿಯ ಜಾಗಕ್ಕೆ ಅಲ್ಲಿಯೂ ಪ್ರತ್ಯೇಕ ಕಲಂ ಬರಲಿಲ್ಲ.

1948ರಲ್ಲಿ ಕಾಯ್ದೆ ಬರೆದವರನ್ನು ನಾನು ದೂರುವುದಿಲ್ಲ. ಸೊಲ್ಲಾಪುರವನ್ನೇ ನೋಡಿ. ಇಲ್ಲಿ 1877ರಲ್ಲಿ ಮೊರಾರ್ಜಿ ಗೋಕುಳದಾಸರು ಕಟ್ಟಿಸಿದ ಸೂತಗಿರಣಿಗೆ ಇವತ್ತಿಗೂ ಜನ ‘ಜುನಿ ಗಿರಣಿ’ ಎನ್ನುತ್ತಾರೆ. ಆಮೇಲೆ ಲಕ್ಷ್ಮೀ, ವಿಷ್ಣು ಗಿರಣಿಗಳು ಬಂದವು. ಗಿರಣಿಯ ಸುತ್ತಲೇ ಚಾಳು, ಚಾಳಿನ ಸುತ್ತ ಪೇಟೆ. ಭೋಂಗಾ ಕೂಗಿದರೆ ಅಡುಗೆಮನೆಯಲ್ಲಿ ಕೇಳಿಸುತ್ತಿತ್ತು, ಎರಡನೆಯ ಭೋಂಗಾದೊಳಗೆ ನಡೆದುಕೊಂಡೇ ಗೇಟು ಮುಟ್ಟಬಹುದಿತ್ತು. ನಡೆದು ಬರುವವನಿಗೆ ಸ್ಟ್ಯಾಂಡು ಏಕೆ ಬೇಕು? ಆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಲಕ್ಷ್ಮೀ-ವಿಷ್ಣುವಿನ ಬಾಗಿಲು 1990ರ ದಶಕದಲ್ಲಿ ಬಿತ್ತು. ಮಗ್ಗಗಳು ಊರ ಹೊರಗಿನ ಎಂಐಡಿಸಿಗೆ ಹೋದವು, ಕೆಲಸಗಾರರು ಎಲ್ಲೆಲ್ಲಿಂದಲೋ ಬರತೊಡಗಿದರು. ಮನೆಗಳೂ ದೂರ ಹೋಗುತ್ತಿವೆ. ನಮ್ಮ ದಾರಿಯ ಮೇಲೆಯೇ ಕುಂಭಾರಿಯಲ್ಲಿ ರೇನಗರ ಎದ್ದಿದೆ. ಅಸಂಘಟಿತ ಕಾರ್ಮಿಕರಿಗಾಗಿ 30,000 ಮನೆಗಳ ಯೋಜನೆ, ಅದರಲ್ಲಿ 15,000 ಮನೆಗಳನ್ನು 2024ರ ಜನವರಿ 19ರಂದು ಪ್ರಧಾನಿಯವರು ಹಸ್ತಾಂತರಿಸಿದರು. ಬಾಡಿಗೆ ಖೋಲಿಯಲ್ಲಿದ್ದವರಿಗೆ ಸ್ವಂತ ಮನೆ ಆದದ್ದು ದೊಡ್ಡ ಮಾತು. ಆದರೆ ಆ ಮನೆಯಿಂದ ಕೆಲಸಕ್ಕೆ ಹೋಗಲು ಗಾಡಿ ಬೇಕು, ಗಾಡಿಗೆ ಕೆಲಸದ ಕಡೆ ಜಾಗ ಬೇಕು.

ಬಸ್ಸಿನ ಕಥೆಯನ್ನೂ ಹೇಳಬೇಕು. 2021ರ ದೀಪಾವಳಿಯ ಹೊತ್ತಿಗೆ ಮಹಾರಾಷ್ಟ್ರದ ಎಸ್‌ಟಿ ನೌಕರರು ಮುಷ್ಕರ ಹೂಡಿದರು, ಅದು ಮುಗಿದದ್ದು 2022ರ ಏಪ್ರಿಲ್‌ನಲ್ಲಿ. ಅವರ ಬೇಡಿಕೆಯ ಬಗ್ಗೆ ನನಗೆ ಸಹಾನುಭೂತಿ ಇತ್ತು, ಈಗಲೂ ಇದೆ. ಆದರೆ ಆ ತಿಂಗಳುಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಎಮ್ಮೆ ಮಾರಿ, ಸಂಘದಲ್ಲಿ ಸಾಲ ತೆಗೆದು ಗಾಡಿ ಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ. ಹಾಗೆ ಗಾಡಿಗೆ ಬಂದವರು ಬಸ್ಸು ಶುರುವಾದ ಮೇಲೂ ಬಸ್ಸಿಗೆ ಮರಳಲಿಲ್ಲ. ಪಾಳಿಯ ವೇಳೆಗೆ ಬಸ್ಸು ಇಲ್ಲದಿದ್ದರೆ ಮರಳುವುದಾದರೂ ಹೇಗೆ?

ಹೊರಗೆ ಗಾಡಿ ನಿಲ್ಲಿಸಿದ ಆ ದಿನಗಳಲ್ಲಿ ನನ್ನ ಕಿಟಕಿಯಿಂದ ಗೇಟು ನೇರ ಕಾಣುತ್ತಿತ್ತು. ಏಳಕ್ಕೆ ಹತ್ತು ನಿಮಿಷ ಇರುವಾಗ ಒಬ್ಬ ಹುಡುಗ ಬಂದು ವಾಚಮನ್ನರ ಹತ್ತಿರ ಅಂಗಲಾಚುತ್ತಿದ್ದ.

“ಕಾಕಾ, ಒಳಗ ಇನ್ನೊಂದ ಗಾಡಿ ಹಿಡೀತದ ನೋಡ್ರಿ, ಆ ಮೂಟಿ ಬಾಜೂಕ.”

“ನನ್ನ ಕೈಯಾಗ ಏನದ ತಮ್ಮಾ? ಗೇಟ್ ತೆರದ್ರ ನನ್ನ ನೌಕರಿ ಹೋಗ್ತದ. ಹೊರಗ ಹಚ್ಚಿ ಬಾ, ನಾ ಕಣ್ಣಿಟ್ಟಿರತೀನಿ.”

ಕಾಕಾ ಕಣ್ಣಿಡುತ್ತಿದ್ದರು, ಸುಳ್ಳಲ್ಲ. ಆದರೆ ಗೇಟು ಬಿಟ್ಟು ಹೋಗುವಂತಿಲ್ಲ. ಎದುರಿನ ಬೇವಿನ ಮರದ ನೆರಳು ನಾಲ್ಕೈದು ಗಾಡಿಗಷ್ಟೇ ಸಾಲುತ್ತಿತ್ತು, ಅದಕ್ಕಾಗಿ ಆರೂವರೆಗೇ ಬಂದು ಕಾಯುವವರಿದ್ದರು. ಉಳಿದವು ಬಯಲಲ್ಲಿ. ಸೊಲ್ಲಾಪುರದ ಏಪ್ರಿಲ್-ಮೇ ಬಿಸಿಲು ಬಲ್ಲವರಿಗೆ ಹೇಳಬೇಕಿಲ್ಲ. ಪಾಳಿ ಬಿಟ್ಟು ಬಂದವರು ಸೀಟಿನ ಮೇಲೆ ಒದ್ದೆ ಗೋಣಿತಟ್ಟು ಹಾಕಿ ತಣಿಸಿಕೊಂಡು ಹತ್ತುತ್ತಿದ್ದರು. ರಾತ್ರಿ ಪಾಳಿಯವರ ಟ್ಯಾಂಕಿನಿಂದ ಪೆಟ್ರೋಲು ಮಾಯವಾಗುತ್ತಿತ್ತು. ಒಮ್ಮೆ ನೂಲಿನ ಟ್ರಕ್ಕು ತಿರುಗಲು ಜಾಗವಿಲ್ಲದೆ ನಿಂತಿತು, ಸಂಚಾರ ಪೊಲೀಸರು ಬಂದು ಗಾಡಿಗಳನ್ನು ಎತ್ತಿಕೊಂಡು ಹೋದರು. ಪೊಲೀಸರ ತಪ್ಪಿಲ್ಲ. ಇತರರಿಗೆ ಅಡ್ಡಿಯಾಗುವಂತೆ ರಸ್ತೆಯಲ್ಲಿ ವಾಹನ ಬಿಟ್ಟು ಹೋಗಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಹೇಳುತ್ತದೆ. ದಂಡ ಕಟ್ಟಿದವನು ಕೆಲಸಗಾರ. ಅವನ ಗಾಡಿಯನ್ನು ರಸ್ತೆಗೆ ತಳ್ಳಿದವರಿಗೆ ಏನೂ ಆಗಲಿಲ್ಲ. ಈ ಅನ್ಯಾಯ ನನಗೆ ಇಂದಿಗೂ ನುಂಗಲಾಗುವುದಿಲ್ಲ.

ಕಾನೂನಿನಲ್ಲಿ ಹೆಸರಿಲ್ಲ ಎಂದರೆ ಕೈಕಟ್ಟಿ ಕೂಡಬೇಕು ಎಂದಲ್ಲ. ಸೊಲ್ಲಾಪುರದ ಒಬ್ಬ ಕಾರ್ಮಿಕ ವಕೀಲರು ನಮ್ಮ ಕಾಗದಗಳನ್ನೆಲ್ಲ ನೋಡಿ ಕೇಳಿದ ಮೊದಲ ಪ್ರಶ್ನೆ, “ಎಷ್ಟು ವರ್ಷದಿಂದ ಒಳಗ ಹಚ್ಚತಿದ್ರಿ?” ಕಾರ್ಖಾನೆ ಶುರುವಾದಾಗಿನಿಂದ ಎಂದೆವು. ಅವರು 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಂ ತೆಗೆದು ತೋರಿಸಿದರು. ಅದರ ಜೊತೆಗಿನ ನಾಲ್ಕನೆಯ ಅನುಸೂಚಿಯಲ್ಲಿ, ರೂಢಿಯಿಂದ ಬಂದ ರಿಯಾಯತಿ ಅಥವಾ ಸವಲತ್ತನ್ನು ಹಿಂತೆಗೆಯುವುದು, ನಡೆದು ಬಂದ ಪದ್ಧತಿ ಬದಲಿಸುವುದು ಎಂಬ ಬಾಬು ಇತ್ತು. ಅಂಥ ಬದಲಾವಣೆ ಮಾಡುವ ಮಾಲಕರು ಮೊದಲು ನೋಟೀಸು ಕೊಟ್ಟು 21 ದಿನ ಕಾಯಬೇಕಿತ್ತು. ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಈ ಮಾತು ಮೂರನೆಯ ಅನುಸೂಚಿಯಲ್ಲಿ ಉಳಿದುಕೊಂಡಿದೆ. ಸ್ಟ್ಯಾಂಡು ಇಂಥ ಸವಲತ್ತು ಹೌದೋ ಅಲ್ಲವೋ ಎಂಬುದು ಆಯಾ ಪ್ರಕರಣದಲ್ಲಿ ವಾದಿಸಿ ಗೆಲ್ಲಬೇಕಾದ ವಿಷಯ. ಆದರೆ ವಾದಕ್ಕೆ ನೆಲೆ ಇದೆ. ವರ್ಷಾನುಗಟ್ಟಲೆ ಒಳಗೆ ನಿಂತ ಗಾಡಿಗಳನ್ನು ಒಂದು ಬೆಳಿಗ್ಗೆ ಬಾಯಿಮಾತಿನಲ್ಲಿ ಹೊರಗೆ ಹಾಕಲು ಬರುವುದಿಲ್ಲ ಎಂದು ನಾವು ಮಾಲಕರಿಗೆ ಕೊಟ್ಟ ಅರ್ಜಿಯಲ್ಲಿ ಧೈರ್ಯವಾಗಿ ಬರೆದೆವು.

ಎರಡನೆಯ ದಾರಿ ಕಟ್ಟಡದ ನಕ್ಷೆಯದು. ಇದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಕಾರ್ಖಾನೆ ಕಟ್ಟುವಾಗ ಮಂಜೂರು ಮಾಡಿಸುವ ನಕ್ಷೆಯಲ್ಲಿ ವಾಹನಗಳಿಗೆ ಇಷ್ಟು ಜಾಗ ಎಂದು ತೋರಿಸಲೇಬೇಕು. ಮಹಾರಾಷ್ಟ್ರದ ಹೆಚ್ಚಿನ ಊರುಗಳಿಗೆ 2020ರ ಏಕೀಕೃತ ಅಭಿವೃದ್ಧಿ ನಿಯಂತ್ರಣ ನಿಯಮಾವಳಿ ಇದೆ, ಎಂಐಡಿಸಿ ಪ್ರದೇಶಗಳಿಗೆ ಎಂಐಡಿಸಿಯದೇ ನಿಯಮಾವಳಿ ಇದೆ. ಏಕೀಕೃತ ನಿಯಮದ ಪ್ರಕಾರ ಒಂದು ಕಾರಿಗೆ 2.5 ಮೀಟರ್ ಅಗಲ, 5 ಮೀಟರ್ ಉದ್ದ, ಸ್ಕೂಟರಿಗೆ 1 ಮೀಟರ್ ಅಗಲ, 2 ಮೀಟರ್ ಉದ್ದ. ಲೆಕ್ಕ ಹಾಕಿ: ಒಬ್ಬ ಅಧಿಕಾರಿಯ ಕಾರು ನಿಲ್ಲುವ ಜಾಗದಲ್ಲಿ ಐದು ಮೋಟರ್ ಸೈಕಲ್ಲು ನಿಲ್ಲುತ್ತವೆ, ಇಬ್ಬಿಬ್ಬರಂತೆ ಹಿಡಿದರೆ ಹತ್ತು ಜನರ ಹಾಜರಿ. ನಕ್ಷೆಯಲ್ಲಿ ವಾಹನಕ್ಕೆಂದು ತೋರಿಸಿದ ಜಾಗವನ್ನು ಗೋಡೌನು ಮಾಡಿಕೊಂಡರೆ ಅದು ಮಂಜೂರಾತಿಯ ಉಲ್ಲಂಘನೆ. ಮಂಜೂರಾದ ನಕ್ಷೆಯ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳಬಹುದು. ನಾವು ಕೇಳುತ್ತೇವೆ ಎಂದು ಅರ್ಜಿಯಲ್ಲಿ ಬರೆದ ಒಂದು ಸಾಲೇ ಆಫೀಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು.

ಆ ನಡುವೆ ನಮ್ಮ ಒಬ್ಬ ಜಾಬರರಿಗೆ ಪೆಟ್ಟಾಯಿತು. ಮಧ್ಯಾಹ್ನ ಪಾಳಿ ಬಿಟ್ಟು, ಎರಡು ಟ್ರಕ್ಕುಗಳ ಸಂದಿಯಿಂದ ಗಾಡಿಯನ್ನು ಹಿಂದಕ್ಕೆ ಜಗ್ಗುವಾಗ ರಸ್ತೆಯಲ್ಲಿ ಬಂದ ಟೆಂಪೊ ತಗುಲಿ ಕಾಲು ಮುರಿಯಿತು. ಗೇಟಿನ ಹೊರಗೆ ಆದದ್ದು, ಕಂಪನಿಗೆ ಸಂಬಂಧವಿಲ್ಲ ಎಂದು ಆಫೀಸಿನಲ್ಲಿ ಒಬ್ಬರು ಅಂದರು. ಅಪಘಾತದ ವರದಿ ಬರೆಯುವ ಕೆಲಸ ನನ್ನದಾಗಿತ್ತು. ಇಎಸ್‌ಐಗೆ (ಕಾರ್ಮಿಕರ ರಾಜ್ಯ ವಿಮಾ ನಿಗಮಕ್ಕೆ) ಕಳಿಸುವ 12ನೇ ನಮೂನೆಯಲ್ಲಿ ಎಷ್ಟು ಗಂಟೆಗೆ, ಯಾವ ಜಾಗದಲ್ಲಿ, ಕೆಲಸದಿಂದ ಮನೆಗೆ ಹೊರಟಾಗ ಎಂಬುದನ್ನು ಬಿಡಿಸಿ ಬರೆದೆ. ಹಾಜರಿಯಲ್ಲಿ ಅವರು ಹೊರಬಿದ್ದ ನಿಮಿಷವನ್ನೂ ನಮೂದಿಸಿದೆ. ಅದರ ಮೇಲೆಯೇ ಎಲ್ಲವೂ ನಿಂತಿತ್ತು. ಸಾಮಾನ್ಯ ಕಾಯಿಲೆ ಎಂದು ಪರಿಗಣಿಸಿದರೆ ಇಎಸ್‌ಐನಿಂದ ಸಿಗುವುದು ಪಗಾರದ ಶೇಕಡಾ 70, ಕೆಲಸದ ಸಂಬಂಧದ ಗಾಯ ಎಂದು ಒಪ್ಪಿದರೆ ಶೇಕಡಾ 90.

ಈ ಶೇಕಡಾ 90ರ ಹಿಂದೆ ಬಹಳ ಜನರ ಕಷ್ಟ ಇದೆ. ಕೇರಳದ ಒಬ್ಬ ಕಾರ್ಮಿಕ 1971ರ ಜೂನ್‌ನಲ್ಲಿ ಸೈಕಲ್ ಮೇಲೆ ಕೆಲಸಕ್ಕೆ ಹೊರಟಿದ್ದ. ನಾಲ್ಕೂವರೆಯ ಪಾಳಿಗೆ ಇನ್ನು ಹದಿನೈದು ನಿಮಿಷ ಇತ್ತು, ಕಾರ್ಖಾನೆ ಒಂದು ಕಿಲೋಮೀಟರ್ ದೂರ. ಲಾರಿ ಬಡಿಯಿತು. ಅವನ ಹೆಸರಿನ ಖಟ್ಲೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1996ರಲ್ಲಿ ತೀರ್ಪಾಯಿತು: ಕೆಲಸಕ್ಕೆ ಹೋಗುವ ದಾರಿ ಕೆಲಸವಲ್ಲ, ಪರಿಹಾರ ಇಲ್ಲ. ಇದನ್ನು ಸರಿಪಡಿಸಲು ಸಂಸತ್ತು ಇಎಸ್‌ಐ ಕಾಯ್ದೆಗೆ 51ಇ ಕಲಂ ಸೇರಿಸಿತು, 2010ರ ಜೂನ್ 1ರಿಂದ ಅದು ಜಾರಿಗೆ ಬಂತು. ಮನೆಯಿಂದ ಕೆಲಸಕ್ಕೆ ಬರುವಾಗ, ಕೆಲಸ ಮುಗಿಸಿ ಮನೆಗೆ ಹೋಗುವಾಗ ಆದ ಅಪಘಾತ, ವೇಳೆ-ಜಾಗ-ಸಂದರ್ಭಗಳು ಕೆಲಸಕ್ಕೆ ಹೊಂದಿಕೊಂಡಿದ್ದರೆ, ಕೆಲಸದಲ್ಲೇ ಆದ ಅಪಘಾತ.

ಇಎಸ್‌ಐ ಇಲ್ಲದವರ ಪಾಡು ಏನು? ಅದಕ್ಕೆ ಉತ್ತರ ನಮ್ಮ ಪಕ್ಕದ ಜಿಲ್ಲೆಯಿಂದಲೇ ಬಂತು. ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಕಾವಲುಗಾರ. 2003ರ ಏಪ್ರಿಲ್ 22ರಂದು ನಸುಕಿನ ಮೂರು ಗಂಟೆಗೆ ಅವರ ಪಾಳಿ. ಮೋಟರ್ ಸೈಕಲ್ ಮೇಲೆ ಹೊರಟವರು ಕಾರ್ಖಾನೆಗೆ ಐದು ಕಿಲೋಮೀಟರ್ ಇರುವಾಗ ಅಪಘಾತದಲ್ಲಿ ತೀರಿಕೊಂಡರು. ಮನೆಯಲ್ಲಿ ಹೆಂಡತಿ, ನಾಲ್ಕು ಮಕ್ಕಳು, ತಾಯಿ. 1923ರ ಪರಿಹಾರ ಕಾಯ್ದೆಯಡಿ 2009ರಲ್ಲಿ ಮನೆಯವರಿಗೆ 3,26,140 ರೂಪಾಯಿ ಬಡ್ಡಿಸಹಿತ ಕೊಡಬೇಕೆಂದು ಆದೇಶವಾಯಿತು. 2011ರಲ್ಲಿ ಮುಂಬಯಿ ಹೈಕೋರ್ಟು ಅದನ್ನು ರದ್ದು ಮಾಡಿತು, ದಾರಿಯ ಅಪಘಾತ ಕೆಲಸದ ಅಪಘಾತವಲ್ಲ ಎಂದು. ಕಡೆಗೆ 2025ರ ಜುಲೈ 29ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಮನೋಜ್ ಮಿಶ್ರಾ ಮತ್ತು ಕೆ.ವಿ. ವಿಶ್ವನಾಥನ್ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ ಮೊದಲಿನ ಆದೇಶ ಎತ್ತಿ ಹಿಡಿದರು. ಇಎಸ್‌ಐ ಕಾಯ್ದೆಯ 51ಇಯ ಅರ್ಥ 1923ರ ಕಾಯ್ದೆಗೂ ಅನ್ವಯಿಸುತ್ತದೆ, ಹಿಂದಿನ ಪ್ರಕರಣಗಳಿಗೂ ಅನ್ವಯಿಸುತ್ತದೆ ಎಂದರು. ಮನೆಯವರು ಇಪ್ಪತ್ತೆರಡು ವರ್ಷ ಕಾದಿದ್ದರು.

ಆ ತೀರ್ಪಿನ ಸುದ್ದಿಯನ್ನು ಮರಾಠಿ ಪತ್ರಿಕೆಯಿಂದ ಕತ್ತರಿಸಿ ನಮ್ಮ ಸ್ಟ್ಯಾಂಡಿನ ಅರ್ಜಿಗೆ ಜೋಡಿಸಿದೆವು. ಅದು ಪರಿಹಾರದ ಕಾನೂನು, ಸ್ಟ್ಯಾಂಡಿನದಲ್ಲ, ನಮಗೂ ಗೊತ್ತಿತ್ತು. ಆದರೆ ನಸುಕಿನ ಮೂರರ ಪಾಳಿಗೆ ಗಾಡಿ ಹತ್ತಿದ ಕಾವಲುಗಾರನ ಪ್ರಯಾಣ ಕೆಲಸದ ಭಾಗ ಎಂದು ದೇಶದ ದೊಡ್ಡ ಕೋರ್ಟು ಹೇಳಿದ ಮೇಲೆ, ಆ ಪ್ರಯಾಣ ಮುಗಿಯುವ ಜಾಗದಲ್ಲಿ ಗಾಡಿಗೆ ನೆಲೆ ಇರಬಾರದೇ? ನಾನು ಹೇಳಬೇಕೆಂದಿರುವುದು ಇಷ್ಟೇ. ಸ್ಟ್ಯಾಂಡು ಮಾಲಕರ ಉಪಕಾರ ಅಲ್ಲ, ಪಾಳಿ ನಡೆಯಲು ಮಗ್ಗಕ್ಕೆ ಎಣ್ಣೆ ಎಷ್ಟು ಬೇಕೋ ಅದೂ ಅಷ್ಟೇ ಬೇಕು.

ಬೇರೆ ದೇಶಗಳಲ್ಲಿ ಇದಕ್ಕೆ ಬೇರೆ ಬೇರೆ ಲೆಕ್ಕಗಳಿವೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರ 2012ರಿಂದ, ನೌಕರರಿಗೆ 11 ಅಥವಾ ಹೆಚ್ಚು ಪಾರ್ಕಿಂಗ್ ಜಾಗ ಕೊಡುವ ಸಂಸ್ಥೆಗಳಿಂದ ಜಾಗಕ್ಕಿಷ್ಟು ಎಂದು ತೆರಿಗೆ ವಸೂಲು ಮಾಡಿ, ಆ ಹಣದಲ್ಲಿ ಟ್ರಾಮ್ ಮಾರ್ಗ ಬೆಳೆಸಿತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1992ರ ಒಂದು ಕಾನೂನಿದೆ. ಜಾಗ ಬಾಡಿಗೆಗೆ ಹಿಡಿದು ನೌಕರರಿಗೆ ಪುಕ್ಕಟೆ ಪಾರ್ಕಿಂಗ್ ಕೊಡುವ ದೊಡ್ಡ ಸಂಸ್ಥೆಗಳು, ಕಾರು ತರದ ನೌಕರನಿಗೆ ಆ ಬಾಡಿಗೆಯಷ್ಟು ಹಣ ಕೊಡಬೇಕು. ಇದು ನನಗೆ ಬಹಳ ಹಿಡಿಸಿತು. ನಮ್ಮಲ್ಲೂ ನಡೆದು ಬರುವವರಿದ್ದಾರೆ, ಷೇರ್ ರಿಕ್ಷಾದಲ್ಲಿ ಬರುವ ಹೆಣ್ಣುಮಕ್ಕಳಿದ್ದಾರೆ. ಗಾಡಿಯವರಿಗೆ ಸೌಕರ್ಯ ಕೇಳುವಾಗ ಅವರ ಪಾಲು ಏನು ಎಂದು ಕೇಳುವವರು ಯಾರು? ನಾಟಿಂಗ್‌ಹ್ಯಾಮಿನ ದಾರಿ ಮಾತ್ರ ನಮಗೆ ಈಗಲೇ ಹೊಂದುವುದಿಲ್ಲ. ಮೊದಲು ಪಾಳಿಯ ವೇಳೆಗೆ ಬಸ್ಸು ಬರಲಿ.

ಗಾಡಿ ಕಳುವಾದರೆ ಯಾರು ಹೊಣೆ ಎಂಬ ಪ್ರಶ್ನೆಯೂ ಇದೆ. ಎಲ್ಲ ಸ್ಟ್ಯಾಂಡುಗಳಲ್ಲೂ ‘ವಾಹನಗಳಿಗೆ ಅವುಗಳ ಮಾಲಕರೇ ಜವಾಬ್ದಾರರು’ ಎಂಬ ಫಲಕ ತೂಗುತ್ತದೆ. ಅದು ಎಲ್ಲ ಸಂದರ್ಭದಲ್ಲೂ ಗುರಾಣಿ ಆಗದು. ದಿಲ್ಲಿಯ ಒಂದು ದೊಡ್ಡ ಹೋಟೆಲಿನಲ್ಲಿ ಗಿರಾಕಿ ಕೀಲಿ ಕೊಟ್ಟು ಬಿಟ್ಟ ಕಾರು 1998ರಲ್ಲಿ ಕಳುವಾಗಿತ್ತು. 2019ರಲ್ಲಿ ಸುಪ್ರೀಂ ಕೋರ್ಟು ಹೋಟೆಲೇ ಹೊಣೆ ಎಂದಿತು. ಕೀಲಿ ತೆಗೆದುಕೊಂಡು, ಟೋಕನ್ ಕೊಟ್ಟು ವಸ್ತುವನ್ನು ತಮ್ಮ ವಶಕ್ಕೆ ಪಡೆದವರು 1872ರ ಕರಾರು ಕಾಯ್ದೆಯ ಪ್ರಕಾರ ಅದನ್ನು ಜೋಪಾನ ಮಾಡಬೇಕು. ಕೆಲಸಗಾರ ತಾನೇ ಗಾಡಿ ನಿಲ್ಲಿಸಿ ಕೀಲಿ ಕಿಸೆಯಲ್ಲಿಟ್ಟುಕೊಂಡು ಹೋದರೆ ಮಾತು ಬೇರೆ, ಅಲ್ಲಿ ಕಾರ್ಖಾನೆಯ ಮಾಲಕರನ್ನು ಹಿಡಿಯುವುದು ಕಷ್ಟ. ಹಾಗಾಗಿ ದೀಪ, ಕ್ಯಾಮರಾ, ಪಾಸು ಇವನ್ನು ಮೊದಲೇ ಕೇಳಿ ಪಡೆಯುವುದು ಒಳ್ಳೆಯದು.

ನಮ್ಮಲ್ಲಿ ಮಾತುಕತೆ ನಡೆದದ್ದು ವರ್ಕ್ಸ್ ಕಮಿಟಿಯಲ್ಲಿ. 100 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ, ಸರಕಾರ ಆದೇಶಿಸಿದರೆ, ಎರಡೂ ಕಡೆಯ ಪ್ರತಿನಿಧಿಗಳ ಈ ಸಮಿತಿ ಇರಬೇಕು. ಹೊಸ ಸಂಹಿತೆಯಲ್ಲೂ ಇದೆ. ನಮ್ಮದು ಬಹಳ ದಿನ ಕಾಗದದ ಮೇಲಷ್ಟೇ ಇತ್ತು, ಸ್ಟ್ಯಾಂಡಿನ ದೆಸೆಯಿಂದ ಜೀವ ಬಂತು. ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕೂ ಭಾಷೆಯವರು ಕೂಡಿ ಕುಳಿತರು. ದಸರೆಗೆ ಮುಂಚೆ ಬರವಣಿಗೆಯಲ್ಲಿ ಒಪ್ಪಂದವಾಯಿತು. ಮೂಟೆಗಳು ಹಿಂದಿನ ಅಂಗಳದ ಹೊಸ ತಗಡಿನ ಕೆಳಗೆ ಹೋದವು. ಸ್ಟ್ಯಾಂಡಿಗೆ ಸುಣ್ಣದ ಗೆರೆ ಹಾಕಿ, ನಡುವೆ ಗಾಡಿ ತಿರುಗಿಸಲು ಓಣಿ ಬಿಟ್ಟರು. ಗೇಟಿನ ಹತ್ತಿರದ ಸಾಲು ಹೆಣ್ಣುಮಕ್ಕಳ ಸ್ಕೂಟಿಗಳಿಗೆ, ಕತ್ತಲಾದ ಮೇಲೆ ಅವರು ದೂರ ನಡೆಯಬಾರದು ಎಂದು. ಅದರ ಪಕ್ಕದಲ್ಲಿ ಮೂರು ಗಾಲಿಯ ಗಾಡಿಯ ಮೇಲೆ ಬರುವ ಪ್ಯಾಕಿಂಗ್ ಖಾತೆಯ ಅಣ್ಣನಿಗೆ ಅಗಲವಾದ ಒಂದು ಜಾಗ. ಅದನ್ನು ಕೇಳಬೇಕಾಗಿಯೇ ಬರಲಿಲ್ಲ, ಮಾಲಕರೇ ಬರೆಸಿದರು. ಈ ಮಾತು ಅವರ ಪರವಾಗಿ ಹೇಳಲೇಬೇಕು.

ಪಾಸುಗಳನ್ನು ನಾನೇ ಬರೆದು ಹಂಚಿದೆ. ಹಂಚುವಾಗ ಒಂದು ಸಂಗತಿ ಎದುರಾಯಿತು. ಒಪ್ಪಂದದಲ್ಲಿ ಬರೆದದ್ದು ಕಂಪನಿಯ ಹಾಜರಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಗುತ್ತಿಗೆದಾರನ ಕೈಕೆಳಗೆ ಹೊಲಿಗೆ, ಪ್ಯಾಕಿಂಗ್, ಲೋಡಿಂಗ್ ಮಾಡುವವರಿಗೆ ಪಾಸು ಇಲ್ಲ. ಅವರ ಗಾಡಿಗಳು ಈಗಲೂ ಬೇವಿನ ಮರದ ಕೆಳಗೇ ನಿಲ್ಲುತ್ತವೆ. ಅವರೂ ಅದೇ ಪಾಳಿಗೆ ಬರುತ್ತಾರೆ, ಅದೇ ದಾರಿಯಲ್ಲಿ ಬರುತ್ತಾರೆ, ಎಷ್ಟೋ ಸಲ ನಮ್ಮ ಊರಿನವರ ಗಾಡಿಯ ಹಿಂದೆಯೇ ಕುಳಿತು ಬರುತ್ತಾರೆ. ಹೊಸ ಸಂಹಿತೆಯಲ್ಲಿ ಕ್ಯಾಂಟೀನಿನ 100 ಜನರನ್ನು ಎಣಿಸುವಾಗ ಗುತ್ತಿಗೆಯವರನ್ನೂ ಸೇರಿಸಿ ಎಣಿಸಬೇಕು. ಊಟಕ್ಕೆ ಲೆಕ್ಕಕ್ಕೆ ಬಂದವರು ಸ್ಟ್ಯಾಂಡಿಗೆ ಏಕೆ ಬಾರದು ಎಂದು ಕಮಿಟಿಯ ಮುಂದಿನ ಸಭೆಗೆ ಬರೆದುಕೊಟ್ಟಿದ್ದೇನೆ, ಅವರ ಹೆಸರುಗಳ ಯಾದಿಯನ್ನೂ ಜೋಡಿಸಿದ್ದೇನೆ.